ಉಗ್ರಾಣಕ್ಕೆ ನಿದ್ರೆ

ಮನೆಯೆಂದ ಮೇಲೆ ಅದಕ್ಕೊಂದು ಉಗ್ರಾಣವಿರುವುದು ಮಲೆನಾಡಿನ ಸೆರಗಿನ ಊರುಗಳಲ್ಲಿ ಹೊಸದೇನೂ ಅಲ್ಲ. ಅಕ್ಕಿ, ಅಡಿಕೆ, ಬೆಲ್ಲ, ಹುಣಸೆಹಣ್ಣು, ಮಾವಿನ ಮಿಡಿಯ ಭರಣಿ, ಹೀಗೆ ಮಳೆಗಾಲಕ್ಕೆ ಬೇಕಾದುದನ್ನೆಲ್ಲ ಒಳಗಿಟ್ಟು ಬಾಗಿಲೆಳೆದುಕೊಂಡರೆ ತೀರಿತು. ಯಾರೂ ಒಳಗೆ ಹೋಗದಿರುವಾಗ ಆ ಉಗ್ರಾಣವು ಏನು ಮಾಡುತ್ತಿರುತ್ತದೆ ಎಂಬ ಪ್ರಶ್ನೆಯನ್ನು ಹಿಂದಿನವರು ಯಾರೂ ಕೇಳಿಕೊಂಡಿರಲಾರರು. ಕೇಳಿಕೊಳ್ಳಲು ಕಾರಣವೂ ಇರಲಿಲ್ಲ. ಇಲಿ, ಹೆಗ್ಗಣ, ಬೂಷ್ಟುಗಳ ಕಾಟವೊಂದನ್ನು ಬಿಟ್ಟರೆ, ಬಳಸದೆ ಇದ್ದ ಹೊತ್ತಿಗೆ ಉಗ್ರಾಣವು ಮನೆಯವರಿಂದ ಬೇಡುವುದು ಏನೂ ಇರಲಿಲ್ಲ.

ಈಚೆಗೆ ಕೆಲವು ಮನೆಗಳಲ್ಲಿ ಬೇರೊಂದು ಬಗೆಯ ಉಗ್ರಾಣವು ಬಂದು ಕುಳಿತಿದೆ. ನಿಘಂಟಿನ ಎರಡು ದಪ್ಪ ಸಂಪುಟಗಳನ್ನು ಜೋಡಿಸಿಟ್ಟಷ್ಟು ಗಾತ್ರದ ಒಂದು ಕರಿಯ ಪೆಟ್ಟಿಗೆ. ಒಳಗೆ ಎರಡು ಹಾರ್ಡ್ ಡಿಸ್ಕುಗಳು, ಅವುಗಳನ್ನು ಆಳುವುದಕ್ಕೆ ಒಂದು ಚಿಕ್ಕ ಕಂಪ್ಯೂಟರು, ಬಿಸಿಗಾಳಿಯನ್ನು ಹೊರದೂಡುವುದಕ್ಕೆ ಒಂದು ಫ್ಯಾನು. ಮನೆಯ ಇಂಟರ್‌ನೆಟ್ಟಿನ ರೂಟರಿಗೆ ಕೊಂಡಿ ಹಾಕಿಬಿಟ್ಟರೆ ಅದು ಮನೆಮಂದಿಯ ಫೋನುಗಳಿಗೂ ಕಂಪ್ಯೂಟರುಗಳಿಗೂ ಸಮಾನವಾದ ಕಣಜವಾಗುತ್ತದೆ. ಒಂದೇ ಸರಕನ್ನು ಎರಡು ಡಿಸ್ಕುಗಳಲ್ಲಿಯೂ ಬರೆದಿಡುವುದರಿಂದ ಒಂದು ಕೆಟ್ಟರೂ ಇನ್ನೊಂದು ಕೈಹಿಡಿಯುತ್ತದೆ. ಇಷ್ಟೆಲ್ಲ ಗುಣಗಳಿರುವ ಈ ಉಗ್ರಾಣಕ್ಕೆ ಒಂದು ದೋಷವುಂಟು: ಇದರ ಬಾಗಿಲು ತೆರೆದಿರಬೇಕಾದರೆ ಇದು ಹಗಲಿರುಳೂ ಎಚ್ಚರವಾಗಿರಬೇಕು, ಎಚ್ಚರವಾಗಿರುವಷ್ಟು ಹೊತ್ತೂ ವಿದ್ಯುಚ್ಛಕ್ತಿಯನ್ನು ಉಣ್ಣುತ್ತಿರಬೇಕು.

ಸೊರಬದಲ್ಲಿ ಇಂಥದೊಂದು ಪೆಟ್ಟಿಗೆಯಿರುವ ಮನೆಯುಂಟು. ಯಜಮಾನರು ಪ್ರೌಢಶಾಲೆಯಲ್ಲಿ ಗಣಿತವನ್ನು ಬೋಧಿಸಿ ನಿವೃತ್ತರಾದವರು, ಊರಿಗೆಲ್ಲ ಮೇಷ್ಟರು. ಮಗನು ಬೆಂಗಳೂರಿನಲ್ಲಿ ಉದ್ಯೋಗದಲ್ಲಿದ್ದಾನೆ. ಮಗಳನ್ನು ಶಿಕಾರಿಪುರಕ್ಕೆ ಕೊಟ್ಟಿದೆ. ಮೇಷ್ಟರ ಪತ್ನಿಯು 2021ರಲ್ಲಿ ತೀರಿಕೊಂಡರು. ಆಕೆ ಹಾಡುಗಾರ್ತಿಯೆಂದು ಹೆಸರಾದವರಲ್ಲ. ಆದರೆ ಸುತ್ತಮುತ್ತ ಯಾರ ಮನೆಯಲ್ಲಿ ಮದುವೆಯಾದರೂ ಹಸೆಯ ಮುಂದೆ ಕುಳಿತು ಹೇಳುವುದಕ್ಕೆ ಆಕೆಯನ್ನು ಕರೆಯುತ್ತಿದ್ದರು. ಶೋಭಾನೆ, ಆರತಿಯ ಹಾಡು, ಬೀಗರ ಹಾಡು, ಗೌರಿಯ ಹಾಡು ಎಷ್ಟು ಬರುತ್ತಿದ್ದವೆಂಬುದಕ್ಕೆ ಲೆಕ್ಕವಿರಲಿಲ್ಲ. ಮಗಳು ಹುಡುಗಿಯಾಗಿದ್ದಾಗ ಹಟಹಿಡಿದು, ಟೇಪ್ ರೆಕಾರ್ಡರನ್ನು ಒಲೆಯ ಪಕ್ಕದಲ್ಲಿಟ್ಟು, ಅವುಗಳಲ್ಲಿ ಕೆಲವನ್ನು ಕ್ಯಾಸೆಟ್ಟಿಗೆ ಹಿಡಿದಿದ್ದಳು. ನಡುನಡುವೆ ಪಾತ್ರೆಯ ಸದ್ದೂ ಮಳೆಯ ಸದ್ದೂ ಕೂಡಿಕೊಂಡಿವೆ. ತಾಯಿ ಹೋದಮೇಲೆ ಮಗನು ಆ ಕ್ಯಾಸೆಟ್ಟುಗಳನ್ನೆಲ್ಲ ಕಂಪ್ಯೂಟರಿಗೆ ಇಳಿಸಿ, 2023ರ ದೀಪಾವಳಿಗೆ ಬಂದಾಗ ಈ ಪೆಟ್ಟಿಗೆಯನ್ನು ತಂದು, ದೇವರ ಕೋಣೆಯ ಹೊರಗಿನ ಗೋಡೆಬೀರುವಿನಲ್ಲಿಟ್ಟು, ಹಾಡುಗಳನ್ನೂ ಮನೆಯ ಪಟಗಳನ್ನೂ ಅದರಲ್ಲಿ ತುಂಬಿ ಹೋದನು. ಹೊರಡುವಾಗ ಹೇಳಿದ ಮಾತು ಒಂದೇ: “ಅಪ್ಪಯ್ಯ, ಇದನ್ನು ಯಾವಾಗಲೂ ಆರಿಸಬೇಡಿ.”

ಉರಿಯುವ ದೀಪವನ್ನು ಕಂಡರೆ ಎದ್ದು ಹೋಗಿ ಆರಿಸಿ ಬರುವುದು ಮೇಷ್ಟರ ಸ್ವಭಾವ. ಪಾಠ ಮುಗಿದ ಕೊಠಡಿಯಲ್ಲಿ ಫ್ಯಾನು ತಿರುಗುತ್ತಿದ್ದರೆ ಜವಾನನನ್ನು ಕೂಗದೆ ತಾವೇ ಹೋಗಿ ನಿಲ್ಲಿಸುತ್ತಿದ್ದರಂತೆ. ಇದನ್ನು ಜಿಪುಣತನವೆಂದು ನಕ್ಕವರುಂಟು. ನಗುವವರಿಗೆ ಶರಾವತಿಯ ಕಥೆ ನೆನಪಿರುವುದಿಲ್ಲ. ಜೋಗದ ಬುಡದ ವಿದ್ಯುದಾಗಾರವು 1948ರಲ್ಲಿ ಕೆಲಸಕ್ಕೆ ತೊಡಗಿತು. 1964ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಮುಗಿಯಿತು. ನಾಡಿಗೆಲ್ಲ ಬೆಳಕಾಯಿತು, ಸಾಗರ, ಹೊಸನಗರದ ಸೀಮೆಯ ಎಷ್ಟೋ ಹಳ್ಳಿಗಳು ನೀರಿನಡಿಗೆ ಹೋದವು. ಮೇಷ್ಟರ ತಾಯಿಯ ತೌರುಮನೆಯ ಅಂಗಳವೂ ಅವುಗಳಲ್ಲಿ ಒಂದು. ಈ ಹೊತ್ತು ಸೊರಬದ ಕಂಬಕ್ಕೆ ಬರುವ ಶಕ್ತಿಯು ಯಾವ ನದಿಯದೋ ಯಾವ ಕಲ್ಲಿದ್ದಲಿನದೋ ಯಾವ ಬಿಸಿಲಿನದೋ ವಿಂಗಡಿಸಿ ಹೇಳುವುದು ಸಾಧ್ಯವಿಲ್ಲ; ಎಲ್ಲವೂ ಒಂದೇ ತಂತಿಯ ಜಾಲದಲ್ಲಿ ಬೆರೆತು ಬರುತ್ತದೆ. ಆದರೂ ಯಾರಿಗೂ ಬೇಡದ ಹೊತ್ತಿನಲ್ಲಿ ಉರಿಯುವ ದೀಪವನ್ನು ಕಂಡರೆ ಆ ಮನುಷ್ಯನಿಗೆ ಸಂಕಟವಾಗುವುದು ಸಹಜವೇ ಸರಿ.

ಅಂಥವರ ಮನೆಯಲ್ಲಿ, ರಾತ್ರಿ ಎರಡು ಗಂಟೆಗೆ ಎಚ್ಚರವಾದರೆ, ಗೋಡೆಬೀರುವಿನೊಳಗೆ ಹಸುರು ದೀಪವೊಂದು ಮಿಣುಕುತ್ತ, ಡಿಸ್ಕುಗಳು ಗುಂಯ್‌ಗುಡುತ್ತ ಇರತೊಡಗಿದವು. ಮೇಷ್ಟರು ಲೆಕ್ಕ ಹಾಕಿದರು. ಪೆಟ್ಟಿಗೆಯು ಸುಮಾರು 25 ವಾಟ್ ಉಣ್ಣುತ್ತದೆ. ದಿನಕ್ಕೆ 24 ಗಂಟೆಯಂತೆ 600 ವಾಟ್-ಗಂಟೆ, ಎಂದರೆ 0.6 ಯೂನಿಟ್ಟು, ತಿಂಗಳಿಗೆ 18 ಯೂನಿಟ್ಟು. ಹಾಡು ಕೇಳುವುದು, ಪಟ ನೋಡುವುದು ಎಲ್ಲ ಸೇರಿ ದಿನಕ್ಕೆ ಒಂದೆರಡು ಗಂಟೆ ಮಾತ್ರ. ಉಳಿದ ಹೊತ್ತೆಲ್ಲ ಪೆಟ್ಟಿಗೆಯು ಕೆಲಸವಿಲ್ಲದೆ ಎಚ್ಚರವಾಗಿರುವುದಕ್ಕೆ ಸಂಬಳವನ್ನು ತೆಗೆದುಕೊಳ್ಳುತ್ತಿತ್ತು.

18 ಯೂನಿಟ್ಟೆಂದರೆ ಮಹಾ ಏನು ಎನ್ನಬಹುದು. 2023ರ ಗೃಹಜ್ಯೋತಿ ಯೋಜನೆಯ ಲೆಕ್ಕವನ್ನು ಬಲ್ಲವರು ಹಾಗೆನ್ನಲಾರರು. ಆ ಯೋಜನೆಯು 200 ಯೂನಿಟ್ಟಿನವರೆಗೆ ಶುಲ್ಕವಿಲ್ಲವೆಂದು ಸಾರಿದರೂ, ಪ್ರತಿಯೊಂದು ಮನೆಗೂ ಅದರದರ ಗೆರೆಯನ್ನು ಬೇರೆಯಾಗಿ ಎಳೆಯಿತು: 2022-23ರಲ್ಲಿ ತಿಂಗಳಿಗೆ ಸರಾಸರಿ ಎಷ್ಟು ಬಳಸಿದ್ದರೋ ಅಷ್ಟು, ಅದರ ಮೇಲೆ ಶೇಕಡಾ 10. ಮೇಷ್ಟರ ಮನೆಯ ಸರಾಸರಿ 90, ಮೇಲೆ 9, ಒಟ್ಟು 99. ಪೆಟ್ಟಿಗೆಯು ಬಂದದ್ದು ಆ ಸರಾಸರಿಯನ್ನು ಕಟ್ಟಿದ ಮೇಲೆ. ಅದರ 18 ಸೇರಿದರೆ 108. ಗೆರೆ ದಾಟಿದ 9 ಯೂನಿಟ್ಟಿಗೆ ಹಣ ತೆರಬೇಕು. ದೊಡ್ಡ ಹಣವಲ್ಲ, ಆದರೆ ಮಿತವಾಗಿ ಬಳಸಿದವನಿಗೆ ಗೆರೆಯೂ ಮಿತವಾಗಿಯೇ ಸಿಕ್ಕಿತು, ಧಾರಾಳವಾಗಿ ಬಳಸಿದವನಿಗೆ ಧಾರಾಳವಾಗಿ ಸಿಕ್ಕಿತು ಎಂಬ ವಿನೋದವು ಗಣಿತದ ಮೇಷ್ಟರಿಗೆ ಒಗ್ಗಲಿಲ್ಲ.

ಅವರು ಕಂಡುಕೊಂಡ ಮೊದಲ ಉಪಾಯವು ಸರಳವಾದುದು. ರಾತ್ರಿ ಊಟವಾದಮೇಲೆ ಗೋಡೆಯ ಸ್ವಿಚ್ಚನ್ನು ಆರಿಸುವುದು, ಬೆಳಗ್ಗೆ ಹಾಲು ಬಂದಮೇಲೆ ಹಾಕುವುದು. ನಾಲ್ಕು ದಿನ ನಡೆಯಿತು. ಐದನೆಯ ಬೆಳಗ್ಗೆ ಪೆಟ್ಟಿಗೆಯು ಬಹಳ ಹೊತ್ತು ಬಾಗಿಲು ತೆಗೆಯದೆ ತನ್ನೊಳಗಿನ ಕಡತಗಳನ್ನೆಲ್ಲ ಪರೀಕ್ಷಿಸುತ್ತ ಕುಳಿತಿತು. ಮಗನಿಗೆ ಫೋನು ಹೋಯಿತು. ಮಗನು ತಲೆಯ ಮೇಲೆ ಕೈಹೊತ್ತನು. ಬರೆಯಬೇಕಾದುದೆಲ್ಲವನ್ನೂ ಈ ಯಂತ್ರವು ಆ ಕ್ಷಣವೇ ಡಿಸ್ಕಿಗೆ ಬರೆದುಬಿಡುವುದಿಲ್ಲ. ಒಂದಷ್ಟನ್ನು ಚಿತ್ತದಲ್ಲಿ ಹಿಡಿದುಕೊಂಡಿದ್ದು, ಅನುಕೂಲ ನೋಡಿ ಬರೆಯುತ್ತದೆ. ನಡುವೆ ಉಸಿರನ್ನು ಹಿಸುಕಿದರೆ ಸಾಲು ಅರ್ಧಕ್ಕೆ ನಿಲ್ಲುತ್ತದೆ. ಅಂಗಡಿಯ ಗುಮಾಸ್ತನು ರೋಜುಖರ್ಡಿಯಿಂದ ಖಾತೆಗೆ ಏರಿಸುತ್ತಿರುವಾಗ ಲೆಕ್ಕದ ಪುಸ್ತಕವನ್ನು ಕಿತ್ತುಕೊಂಡಂತೆ. ಅದನ್ನು ಆರಿಸಬೇಕಾದರೆ ‘ಆರು’ ಎಂದು ಹೇಳಬೇಕು. ಅದು ಲೆಕ್ಕವನ್ನೆಲ್ಲ ಮುಗಿಸಿ, ಡಿಸ್ಕಿನ ಮೇಲೆ ತೇಲುವ ಮುಳ್ಳನ್ನು ಪಕ್ಕಕ್ಕೆ ಸರಿಸಿ, ತಾನಾಗಿಯೇ ಆರಬೇಕು. ಹಾಗಾದರೆ ಹೇಳುವವರು ಯಾರು? ಮೇಷ್ಟರು ಮರೆತ ರಾತ್ರಿ? ಊರಿಗೆ ಹೋದ ರಾತ್ರಿ? ಕೆಲಸವಿಲ್ಲವೆಂಬುದನ್ನು ತಿಳಿದು ಯಂತ್ರವೇ ತನಗೆ ತಾನು ಹೇಳಿಕೊಳ್ಳುವುದು ಒಳ್ಳೆಯದೆಂದು ತಂದೆ ಮಕ್ಕಳ ನಡುವೆ ಒಡಂಬಡಿಕೆಯಾಯಿತು.

ಕೆಲಸವಿಲ್ಲವೆಂಬುದನ್ನು ಯಂತ್ರವು ತಿಳಿಯುವುದು ಹೇಗೆ ಎಂಬಲ್ಲಿ ಈ ಕಥೆಯ ಗಂಟು ಇರುವುದು.

ಮಗನು ಬೆಂಗಳೂರಿನಿಂದಲೇ ಆಜ್ಞೆಗಳ ಒಂದು ಚಿಕ್ಕ ಪಟ್ಟಿಯನ್ನು ಬರೆದು ಪೆಟ್ಟಿಗೆಗೆ ಕಲಿಸಿದನು. ಐದೈದು ನಿಮಿಷಕ್ಕೊಮ್ಮೆ ಅದು ತನ್ನನ್ನು ತಾನು ಕೇಳಿಕೊಳ್ಳಬೇಕು: ಯಾರಾದರೂ ಕಡತವನ್ನು ತೆರೆದಿದ್ದಾರೆಯೆ? ತಂತಿಯಲ್ಲಿ ಸರಕು ಬಂದು ಹೋಗುತ್ತಿದೆಯೆ? ಡಿಸ್ಕು ಓದಿದ್ದುಂಟೆ, ಬರೆದದ್ದುಂಟೆ? ಫೋನುಗಳಿಂದ ಹೊಸ ಪಟಗಳನ್ನು ಇಳಿಸಿಕೊಳ್ಳುವ ಕೆಲಸವೇನಾದರೂ ನಡುವಿನಲ್ಲಿದೆಯೆ? ಎರಡು ಡಿಸ್ಕುಗಳನ್ನೂ ಅಕ್ಷರಕ್ಕಕ್ಷರ ತಾಳೆನೋಡುವ ತಿಂಗಳ ತಪಾಸಣೆಯು ನಡೆಯುತ್ತಿದೆಯೆ? ಎಲ್ಲಕ್ಕೂ ‘ಇಲ್ಲ’ ಎಂಬುದೇ ಉತ್ತರವಾಗಿ, ಆ ‘ಇಲ್ಲ’ವು ಬಿಡದೆ ಅರ್ಧ ಗಂಟೆ ನಡೆದರೆ, ಕ್ರಮವಾಗಿ ಬಾಗಿಲು ಹಾಕಿಕೊಂಡು ಮಲಗಬೇಕು. ಪಟ್ಟಿಯು ಮೂವತ್ತು ಸಾಲನ್ನು ಮೀರಲಿಲ್ಲ. ಮೇಷ್ಟರು ಅದನ್ನು ಕನ್ನಡದಲ್ಲಿ ಬರೆಯಿಸಿಕೊಂಡು ಓದಿ, ತರ್ಕದಲ್ಲಿ ಲೋಪವಿಲ್ಲವೆಂದು ಒಪ್ಪಿದರು.

ಲೋಪವಿಲ್ಲದ ಪಟ್ಟಿಯನ್ನಿಟ್ಟುಕೊಂಡು ಪೆಟ್ಟಿಗೆಯು ಒಂದು ವಾರ ಕಣ್ಣು ಮುಚ್ಚಲಿಲ್ಲ. ತಾನು ಮಾಡಿದುದನ್ನೆಲ್ಲ ಬರೆದಿಡುವ ಒಂದು ದಿನಚರಿ ಅದಕ್ಕುಂಟು. ಅದನ್ನು ತೆಗೆದು ನೋಡಿದರೆ, ಹಜಾರದ ಟಿ.ವಿ.ಯು ಕೆಲವು ನಿಮಿಷಗಳಿಗೊಮ್ಮೆ ‘ಇದ್ದೀಯಾ?’ ಎಂದು ಕೇಳುವುದು, ಇದು ‘ಇದ್ದೇನೆ’ ಎನ್ನುವುದು. ಯಾರೂ ಟಿ.ವಿ.ಯನ್ನು ನೋಡುತ್ತಿರಲಿಲ್ಲ, ಅದೂ ಅರೆನಿದ್ದೆಯಲ್ಲಿದ್ದುಕೊಂಡು ಕೇಳುತ್ತಿತ್ತು. ಎರಡು ಯಂತ್ರಗಳು ಒಂದರ ನಿದ್ದೆಯನ್ನು ಇನ್ನೊಂದು ಕೆಡಿಸುತ್ತ ಬೆಳಗು ಮಾಡುತ್ತಿದ್ದವು. ಶಿಷ್ಟಾಚಾರವೆಂದು ಕೆಮ್ಮಿ ಹೋಗುವವರಿಗೂ ಸಾಮಾನು ಬೇಡಿ ಬಂದವರಿಗೂ ಅಂತರವನ್ನು ಕಲಿಸಬೇಕಾಯಿತು. ಐದು ನಿಮಿಷದಲ್ಲಿ ಇಂತಿಷ್ಟು ಕಿಲೋಬೈಟಿಗಿಂತ ಕಡಮೆ ಬಂದರೆ ಅದನ್ನು ಕೆಮ್ಮೆಂದೇ ಎಣಿಸತಕ್ಕದ್ದೆಂದು ಮಗನು ತಿದ್ದಿದನು.

ಇದೇ ಸಂದರ್ಭದಲ್ಲಿ ಇನ್ನೊಂದು ಚರ್ಚೆಯೂ ಹುಟ್ಟಿತು. ಇಡೀ ಪೆಟ್ಟಿಗೆಯನ್ನು ಮಲಗಿಸುವುದೇಕೆ, ಡಿಸ್ಕುಗಳು ತಿರುಗುವುದನ್ನು ಮಾತ್ರ ನಿಲ್ಲಿಸಿದರೆ ಸಾಲದೆ ಎಂದು. ಸಾಲಬಹುದಿತ್ತು, ಆದರೆ ಅತಿಯಾದರೆ ಅದೂ ಕೇಡೇ. ಇಂಥ ಡಿಸ್ಕು ನಿಮಿಷಕ್ಕೆ 5400 ಸುತ್ತು, ಎಂದರೆ ಸೆಕೆಂಡಿಗೆ 90 ಸುತ್ತು ತಿರುಗುವುದು. ಓದುವ ಮುಳ್ಳು ಅದಕ್ಕೆ ತಾಗದೆ, ಕೂದಲೆಳೆಯ ಸಾವಿರ ಪಾಲಿಗಿಂತಲೂ ಕಿರಿದಾದ ಅಂತರದಲ್ಲಿ ತೇಲುವುದು. ನಿಲ್ಲಿಸಿದಾಗಲೆಲ್ಲ ಮುಳ್ಳು ಪಕ್ಕದ ಮೆಟ್ಟಿಲನ್ನೇರಿ ಕುಳಿತು, ಮತ್ತೆ ಹೊರಟಾಗ ಇಳಿಯಬೇಕು. ಈ ಹತ್ತಿಳಿತಕ್ಕೆ ತಯಾರಕರು ಸಾಮಾನ್ಯವಾಗಿ ಮೂರು ಲಕ್ಷ, ಆರು ಲಕ್ಷ ಎಂದು ಒಂದು ಮಿತಿಯನ್ನು ಹೇಳಿರುತ್ತಾರೆ. ಐದು ನಿಮಿಷಕ್ಕೊಮ್ಮೆ ಮಲಗಿಸಿ ಎಬ್ಬಿಸಿದರೆ ದಿನಕ್ಕೆ 288, ವರ್ಷಕ್ಕೆ 1,05,120. ಮೂರು ವರ್ಷದೊಳಗೆ ಮೂರು ಲಕ್ಷವು ತೀರಿಹೋಗುತ್ತದೆ. ಉಳಿತಾಯವೆಂದು ಹೊರಟು ಡಿಸ್ಕನ್ನೇ ಕಳೆದುಕೊಳ್ಳುವ ಮಾರ್ಗವಿದು. ದಿನಕ್ಕೆ ಮೂರೋ ನಾಲ್ಕೋ ಬಾರಿ ಎದ್ದು ಮಲಗಿದರೆ ಭಯವಿಲ್ಲ. ಆದಕಾರಣ ಪದೇ ಪದೇ ತೂಕಡಿಸುವುದಕ್ಕಿಂತ ಒಮ್ಮೆ ಗಾಢವಾಗಿ ಮಲಗುವುದೇ ಲೇಸೆಂದು ತೀರ್ಮಾನವಾಯಿತು.

ಎಲ್ಲವೂ ಸರಿಹೋಯಿತೆಂದು ತಿಳಿದಿದ್ದಾಗ ಶಿಕಾರಿಪುರದಿಂದ ಮಗಳ ಫೋನು ಬಂದಿತು. ಆಕೆಗೆ ಬಿಡುವಾಗುವುದು ರಾತ್ರಿ ಹತ್ತರ ಮೇಲೆ. ಅತ್ತೆಮಾವಂದಿರಿಗೆ ಮಾತ್ರೆ ಕೊಟ್ಟು, ಮಕ್ಕಳನ್ನು ಮಲಗಿಸಿ, ಅಡಿಗೆಮನೆಯನ್ನು ತೊಳೆದು, ಆಮೇಲೆ ಫೋನನ್ನು ಕಿವಿಯ ಬಳಿಯಿಟ್ಟುಕೊಂಡು ಸೊರಬದ ಪೆಟ್ಟಿಗೆಯಿಂದ ತಾಯಿಯ ಹಾಡನ್ನು ಕೇಳುವುದು ಆಕೆಯ ರೂಢಿಯಾಗಿತ್ತು. ಇದು ತಂದೆಗಾಗಲಿ ಅಣ್ಣನಿಗಾಗಲಿ ತಿಳಿದಿರಲಿಲ್ಲ. “ಅಪ್ಪಯ್ಯ, ಒಂದು ಮಗ್ಗುಲು ಮುಗಿಯುತ್ತದೆ. ಇನ್ನೊಂದು ಬರುವುದೇ ಇಲ್ಲ. ಮೂರು ರಾತ್ರಿಯಿಂದ ಹೀಗೇ” ಎಂದಳು.

ಮಗನು ದಿನಚರಿಯನ್ನು ತೆಗೆದು ನೋಡಿದನು. ಯಂತ್ರವು ಹೇಳಿದಂತೆಯೇ ನಡೆದುಕೊಂಡಿತ್ತು. 10 ಗಂಟೆ 20 ನಿಮಿಷಕ್ಕೆ ಒಂದು ಕಡತವು ಹೋಗಿದೆ. ಅಲ್ಲಿಂದ ಮುಂದೆ ಮೌನ. 10 ಗಂಟೆ 50 ನಿಮಿಷಕ್ಕೆ ನಿದ್ರೆ. ಕಾರಣವು ಬಗೆಹರಿಯಲು ಮೇಷ್ಟರ ಗಣಿತವೇ ಬೇಕಾಯಿತು. ಆಕೆ ಹಾಡು ಹಿಡಿದಿದ್ದ ಕ್ಯಾಸೆಟ್ಟುಗಳು 90 ನಿಮಿಷದವು. ಒಂದು ಮಗ್ಗುಲಿಗೆ 45 ನಿಮಿಷ. ಒಂದು ಮಗ್ಗುಲನ್ನು ಒಂದು ಕಡತವಾಗಿ ಮಾಡಿದೆ. ಅದರ ತೂಕ ಸುಮಾರು 43 ಮೆಗಾಬೈಟು. ಹಿಂದಿನ ಕಾಲದಲ್ಲಿ 45 ನಿಮಿಷದ ಹಾಡು ಸೊರಬದಿಂದ ಶಿಕಾರಿಪುರಕ್ಕೆ ಹೋಗಲು 45 ನಿಮಿಷವೇ ಹಿಡಿಯುತ್ತಿತ್ತು. ರೇಡಿಯೋವಿನಲ್ಲಿ ಹೇಗೋ ಹಾಗೆ. ಈಗಿನ ಫೋನು ಹಾಗಲ್ಲ. ಹಾಡಿನ ಮೊದಲ ಸಾಲು ಕೇಳಿಸುವಷ್ಟರಲ್ಲಿಯೇ ಕಡತವನ್ನೆಲ್ಲ ತನ್ನ ಬಳಿಗೆ ಸೆಳೆದುಕೊಂಡುಬಿಡುತ್ತದೆ. ಒಂದು ನಿಮಿಷವೂ ಬೇಡ. ಆಮೇಲೆ ಮುಕ್ಕಾಲು ಗಂಟೆ ಮಗಳ ಕಿವಿಯು ತುಂಬಿರುತ್ತದೆ, ತಂತಿಯು ಬರಿದಾಗಿರುತ್ತದೆ. ತಂತಿಯನ್ನು ಮಾತ್ರ ಕಾಣಬಲ್ಲ ಯಂತ್ರವು, ಅರ್ಧ ಗಂಟೆ ಕಾದು, ಕೇಳುವವರು ಯಾರೂ ಇಲ್ಲವೆಂದು ಮಲಗಿಬಿಡುತ್ತದೆ. ಮೊದಲ ಮಗ್ಗುಲು ಮುಗಿದು ಎರಡನೆಯದನ್ನು ಬೇಡುವ ಹೊತ್ತಿಗೆ ಉಗ್ರಾಣದ ಬಾಗಿಲು ಹಾಕಿ ಹದಿನೈದು ನಿಮಿಷವಾಗಿರುತ್ತದೆ.

ಕೆಲಸವಿಲ್ಲವೆಂಬ ಸ್ಥಿತಿಯನ್ನು ಸರಕಿನ ಓಡಾಟದಿಂದ ಅಳೆದದ್ದರ ಫಲವಿದು. ಸೊರಬ ಶಿಕಾರಿಪುರದ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಈ ಎರಡು ತಾಲ್ಲೂಕುಗಳು ಕೆರೆಗಳ ಸೀಮೆ. ಕೆರೆಯ ತೂಬನ್ನು ಎತ್ತಿ ಇಳಿಸುವುದಕ್ಕೆ ಹಿಂದೆ ನೀರುಗಂಟಿಯೆಂಬವನಿರುತ್ತಿದ್ದನು. ಕಾಲುವೆಯಲ್ಲಿ ನೀರು ಹರಿಯುವುದು ನಿಂತಿತೆಂದು ಅವನು ತೂಬನ್ನು ಮುಚ್ಚಿ ಮನೆಗೆ ಹೋಗುತ್ತಿರಲಿಲ್ಲ. ಮೇಲಿನ ಗದ್ದೆಯು ಉಂಡಿತೆ, ಕೆಳಗಿನದಕ್ಕೆ ಇನ್ನೂ ಸರದಿಯುಂಟೆ ಎಂಬುದನ್ನು ಬದುವಿನ ಮೇಲೆ ನಡೆದು ನೋಡಿ ಬರುತ್ತಿದ್ದನು. ಪೈರು ನೀರನ್ನು ಕುಡಿಯುತ್ತಿರುವಾಗ ಕಾಲುವೆಯು ಸದ್ದಿಲ್ಲದೆ ಇರಬಹುದು. ಪೆಟ್ಟಿಗೆಗೆ ಬದುವಿನ ಮೇಲೆ ನಡೆಯುವ ಕಾಲಿಲ್ಲ. ಶಿಕಾರಿಪುರದ ಅಡಿಗೆಮನೆಯಲ್ಲಿ ಒಬ್ಬಳು ಕಣ್ಣು ಮುಚ್ಚಿ ಕುಳಿತಿದ್ದಾಳೆಂಬುದನ್ನು ಅದಕ್ಕೆ ತಿಳಿಸುವ ಮಾಪಕವು ಯಾವ ಅಂಗಡಿಯಲ್ಲಿಯೂ ದೊರೆಯದು.

ಅಂದಿನಿಂದ ಕಾಯುವ ಹೊತ್ತು ಅರ್ಧ ಗಂಟೆಯಿಂದ ಒಂದು ಗಂಟೆಗೆ ಏರಿತು. ಒಂದು ಗಂಟೆಯೇ ಏಕೆಂದರೆ, ಒಂದು ಮಗ್ಗುಲಿನ 45 ನಿಮಿಷ, ಅದರ ಮೇಲೆ ಕಣ್ಣೊರಸಿಕೊಂಡು ಇನ್ನೊಂದು ಮಗ್ಗುಲನ್ನು ಆರಿಸಿಕೊಳ್ಳುವುದಕ್ಕೆ 15 ನಿಮಿಷ. ಇಂಥ ಪೆಟ್ಟಿಗೆಗಳಿಗೆ ಎಷ್ಟು ಹೊತ್ತು ಗೊತ್ತುಮಾಡುವುದು ಉಚಿತವೆಂದು ಪಂಡಿತರು ಬಹಳವಾಗಿ ವಾದಿಸುವುದುಂಟು. ಆ ಮನೆಯಲ್ಲಿ ಅದನ್ನು ಗೊತ್ತುಮಾಡಿದುದು ಹಳೆಯ ಕ್ಯಾಸೆಟ್ಟಿನ ಒಂದು ಮಗ್ಗುಲು.

ಮಗಳ ಮನೆಗೆ ಹೋಗಬೇಕಾದರೆ ಮೇಷ್ಟರ ಬಸ್ಸು ಶಿರಾಳಕೊಪ್ಪವನ್ನು ಹಾದು ಹೋಗುತ್ತದೆ. ತಾಳಗುಂದವೂ ಬಳ್ಳಿಗಾವೆಯೂ ಅಲ್ಲಿಗೆ ಸಮೀಪ. ತಾಳಗುಂದದ ಪ್ರಣವೇಶ್ವರನ ಗುಡಿಯ ಮುಂದಿನ ಕಂಬವನ್ನು ವಾಚಕರು ಬಲ್ಲರು. ಕದಂಬರ ಕಾಕುಸ್ಥವರ್ಮನು ದೇವಾಲಯಕ್ಕೆಂದು ಕೆರೆಯನ್ನು ಕಟ್ಟಿಸಿದುದನ್ನು, ಅವನ ಮಗ ಶಾಂತಿವರ್ಮನ ಕಾಲದಲ್ಲಿ ಕುಬ್ಜನೆಂಬ ಕವಿಯು ಸಂಸ್ಕೃತ ಶ್ಲೋಕಗಳಲ್ಲಿ ಹೇಳಿರುವುದು ಅದರ ಮೇಲೆಯೇ. ಐದನೆಯ ಶತಮಾನದಲ್ಲಿ ಕೊರೆದುದನ್ನು 1894ರಲ್ಲಿ ರೈಸ್ ಸಾಹೇಬರು ಬೆಳಕಿಗೆ ತಂದರು. ನಡುವೆ ಎಷ್ಟು ತಲೆಮಾರು ಅದನ್ನು ಓದಲಾರದೆ ಪಕ್ಕದಲ್ಲಿ ನಡೆದು ಹೋಗಿದ್ದಾರೋ! ಆ ಕಂಬವು ಅಷ್ಟು ಕಾಲವೂ ಕೆಲಸವಿಲ್ಲದೆ ನಿಂತಿತ್ತು. ಅದರಿಂದ ಯಾರಿಗೂ ಕಾಸಿನ ಖರ್ಚಿರಲಿಲ್ಲ. ಡಿಸ್ಕಿನ ಮೇಲೆ ಬರೆದುದಕ್ಕೆ ಈ ಸೌಲಭ್ಯವಿಲ್ಲ. ಅದು ಆರಿದ್ದರೆ ಓದುವ ಹಾಗಿಲ್ಲ; ಉರಿಯುತ್ತಿದ್ದರೆ ಸವೆಯುತ್ತದೆ; ಹತ್ತು ವರ್ಷ ಬಾಳಿದರೆ ಪುಣ್ಯ. ಹೀಗಿರುವಾಗ ಮನೆಯ ಹಾಡನ್ನು ಅದಕ್ಕೆ ಒಪ್ಪಿಸಿದುದು ಸರಿಯೋ ಎಂದು ಕೇಳಬಹುದು. ಒಪ್ಪಿಸದಿದ್ದರೆ ಕ್ಯಾಸೆಟ್ಟಿನ ನಾಡ ಮಲೆನಾಡಿನ ಮಳೆಗೆ ಬೂಷ್ಟು ಹಿಡಿದು ಅಂಟಿಕೊಳ್ಳುತ್ತಿತ್ತು ಎಂಬುದೇ ಉತ್ತರ. ಮೇಷ್ಟರು ಎಲ್ಲ ಹಾಡುಗಳ ಇನ್ನೊಂದು ಪ್ರತಿಯನ್ನು ಬೇರೊಂದು ಡಿಸ್ಕಿನಲ್ಲಿ ಮಾಡಿಸಿ ಮಗಳ ಮನೆಯ ಕಪಾಟಿನಲ್ಲಿಯೂ ಇರಿಸಿದ್ದಾರೆ. ಸೊರಬದ ಮನೆಗೆ ಸಿಡಿಲು ಬಡಿದರೆ ಒಂದೇ ಪೆಟ್ಟಿಗೆಯೊಳಗಿನ ಎರಡು ಡಿಸ್ಕುಗಳೂ ಒಟ್ಟಿಗೇ ಹೋಗುತ್ತವೆಂಬುದನ್ನು ಅವರು ಮಗನಿಗಿಂತ ಮೊದಲೇ ಕಂಡುಕೊಂಡಿದ್ದರು.

ಬಳ್ಳಿಗಾವೆಯ ಕೇದಾರೇಶ್ವರದ ಕೋಡಿಯಮಠವನ್ನು ಕುರಿತ 1162ರ ಶಾಸನವೂ ಇಲ್ಲಿ ನೆನಪಾಗದಿರದು. ದೀನರಿಗೆ, ಅನಾಥರಿಗೆ, ಕುರುಡರಿಗೆ, ಕುಂಟರಿಗೆ ಅನ್ನವಿಕ್ಕುವ ಸ್ಥಾನವದು, ರೋಗಿಗಳಿಗೆ ಔಷಧವೀಯುವ ಸ್ಥಾನವದು ಎಂದು ಅದು ವರ್ಣಿಸುತ್ತದೆ. ಅಂಥ ಉಗ್ರಾಣಕ್ಕೆ ಬಿಡುವೆಂಬುದಿಲ್ಲ. ಹಸಿದವನು ಯಾವ ಹೊತ್ತಿಗೆ ಬರುವನೆಂದು ಯಾರು ಬಲ್ಲರು? ಮಗಳ ಮನಸ್ಸಿನಲ್ಲಿದ್ದುದು ಈ ಬಗೆಯ ಉಗ್ರಾಣ. ಆದರೆ ಮಠದ ಹಿಂದೆ ಅರಸರ ದತ್ತಿಯಿತ್ತು; ಮೇಷ್ಟರ ಹಿಂದೆ ಪಿಂಚಣಿಯಿದೆ.

ಮಲಗಿಸಿದುದಾಯಿತು, ಎಬ್ಬಿಸುವುದು? ಇದಕ್ಕೊಂದು ಚಮತ್ಕಾರವುಂಟು. ಪೆಟ್ಟಿಗೆಯು ಮಲಗಿದಾಗಲೂ ಅದರ ನೆಟ್‌ವರ್ಕಿನ ಕಿವಿಯೊಂದು ಮಾತ್ರ ಒಂದು ವಾಟಿನಷ್ಟು ಶಕ್ತಿಯನ್ನು ಕುಡಿಯುತ್ತ ತೆರೆದಿರುತ್ತದೆ. ಅದಕ್ಕೆ ತಿಳಿಯುವುದು ಒಂದೇ ಕರೆ: ಮೊದಲು ಆರು ಬಾರಿ ಒಂದು ಗೊತ್ತಾದ ಸಂಕೇತ, ಆಮೇಲೆ ಆ ಯಂತ್ರದ ಸ್ವಂತ ವಿಳಾಸವನ್ನು 16 ಬಾರಿ ಹೇಳಬೇಕು; ಎಲ್ಲ ಸೇರಿ 102 ಬೈಟು. ಹದಿನೈದು ಬಾರಿ ಕರೆದರೆ ಏಳದು. ಕುಂಭಕರ್ಣನ ಮುಂದೆ ಭೇರಿ ಬಾರಿಸಿ ಆನೆ ನಡೆಸಿದವರಿಗೆ ಈ ಉಪಾಯವು ತಿಳಿದಿದ್ದರೆ ಎಷ್ಟೋ ಶ್ರಮವು ಉಳಿಯುತ್ತಿತ್ತು.

ಆದರೆ ಈ ಕರೆಯು ಮನೆಯೊಳಗಿಂದಲೇ ಹೊರಡಬೇಕು. ಶಿಕಾರಿಪುರದಿಂದ ಕೂಗಿದರೆ ಬೀದಿಯ ಬಾಗಿಲಿನಲ್ಲಿಯೇ ನಿಂತುಹೋಗುವುದು. ಹೊರಗಿನ ಕರೆಯನ್ನು ಕೇಳಿ ಒಳಗೆ ಹೋಗಿ ಎಬ್ಬಿಸುವವನೊಬ್ಬನು ಬೇಕು. ಮಗನು ಅಂಗೈಯಗಲದ ಇನ್ನೊಂದು ಪುಟ್ಟ ಕಂಪ್ಯೂಟರನ್ನು ತಂದು ರೂಟರಿನ ಪಕ್ಕದಲ್ಲಿ ಕುಳ್ಳಿರಿಸಿದನು. ಅದಕ್ಕೆ ಡಿಸ್ಕಿಲ್ಲ, ಫ್ಯಾನಿಲ್ಲ. ಊಟ ಮೂರು ವಾಟು. ಕೆಲಸವೆಂದರೆ ಎಂದೂ ಮಲಗದಿರುವುದು. ಮಗಳು ಫೋನಿನಲ್ಲಿ ಒಂದು ಗುಂಡಿಯನ್ನು ಒತ್ತಿದರೆ ಇದು ದೊಡ್ಡದನ್ನು ಎಬ್ಬಿಸುತ್ತದೆ. ದೊಡ್ಡದು ಮೈಮುರಿದೆದ್ದು ಬಾಗಿಲು ತೆಗೆಯಲು ಒಂದೂವರೆ ನಿಮಿಷ ಬೇಕು. ದೊಡ್ಡದು ಮಲಗಬೇಕಾದರೆ ಚಿಕ್ಕದೊಂದು ಎದ್ದಿರಲೇಬೇಕೆಂಬುದು ಮೇಷ್ಟರಿಗೆ ಮೊದಲು ಮೋಸವೆನ್ನಿಸಿತು. ಆಮೇಲೆ ಗರ್ಭಗುಡಿಯ ಬಾಗಿಲು ಹಾಕಿದ ಮೇಲೂ ಒಳಗೆ ಉರಿಯುವ ನಂದಾದೀಪಕ್ಕೆಂದು ಈ ಸೀಮೆಯವರು ಎಷ್ಟು ಶಾಸನಗಳಲ್ಲಿ ಎಣ್ಣೆಯನ್ನು ಬಿಟ್ಟುಕೊಟ್ಟಿದ್ದಾರೆಂಬುದನ್ನು ನೆನೆದು ಸುಮ್ಮನಾದರು. ಲೆಕ್ಕವೂ ಒಗ್ಗಿತು. ದೊಡ್ಡ ಪೆಟ್ಟಿಗೆಯು ದಿನಕ್ಕೆ ಐದು ಗಂಟೆ ಎದ್ದಿದ್ದರೆ, ನಿದ್ದೆಯ ವಾಟೂ ಸೇರಿ, ತಿಂಗಳಿಗೆ 4.3 ಯೂನಿಟ್ಟು, ಚಿಕ್ಕದಕ್ಕೆ 2.2, ಒಟ್ಟು ಆರೂವರೆ. ಮನೆಯ ಬಳಕೆಯು ತೊಂಬತ್ತಾರು ತೊಂಬತ್ತೇಳರಲ್ಲಿ ನಿಂತಿತು. ಗೆರೆಯ ಒಳಗೆ!

ಮಳೆಗಾಲವು ಬಂದಾಗ ಇನ್ನೊಂದು ಪರೀಕ್ಷೆಯಾಯಿತು. ಮರ ಬಿದ್ದು ತಂತಿ ಹರಿದರೆ ಸೊರಬದಲ್ಲಿ ವಿದ್ಯುತ್ತು ಒಂದು ಗಂಟೆಗೂ ಬರಬಹುದು, ಮರುದಿನಕ್ಕೂ ಬರಬಹುದು. ಪೆಟ್ಟಿಗೆಯ ಹಿಂದೆ ಯು.ಪಿ.ಎಸ್. ಇದೆ, ಅದರ ಬ್ಯಾಟರಿ ಕುಗ್ಗುತ್ತ ಬಂದರೆ ಅದೇ ಪೆಟ್ಟಿಗೆಗೆ ಸುದ್ದಿ ಕೊಟ್ಟು ಕ್ರಮವಾಗಿ ಮಲಗಿಸುತ್ತದೆ. ಕಷ್ಟವಿದ್ದುದು ಆಮೇಲೆ. ಬ್ಯಾಟರಿಯೂ ಬರಿದಾಗಿ ಸಂಪೂರ್ಣ ಕತ್ತಲಾದರೆ ಆ ಒಂದು ವಾಟಿನ ಕಿವಿಯೂ ಕಿವುಡಾಗುವುದು. ವಿದ್ಯುತ್ತು ಮರಳಿದರೂ 16 ಬಾರಿ ಕರೆದದ್ದು ಕೇಳಿಸದು. ಜುಲೈ ತಿಂಗಳಲ್ಲಿ ಮಗಳು ಎರಡು ರಾತ್ರಿ ಗುಂಡಿ ಒತ್ತಿ ಒತ್ತಿ ಸೋತಳು. ವಿದ್ಯುತ್ತು ಬಂದೊಡನೆ ಪೆಟ್ಟಿಗೆಯು ಕರೆಗೆ ಕಾಯದೆ ತಾನೇ ಒಮ್ಮೆ ಏಳುವಂತೆ ಅದರ ಮೂಲದ ಕಟ್ಟಳೆಯಲ್ಲಿ ಬದಲಾಯಿಸಬೇಕಾಯಿತು. ಈಗ ಅದು ಎದ್ದು, ಒಂದು ಗಂಟೆ ಕಾದು, ಯಾರೂ ಇಲ್ಲವೆಂದು ಕಂಡರೆ ಮತ್ತೆ ಮಲಗುತ್ತದೆ, ಕಿವಿಯು ತೆರೆದಿರುತ್ತದೆ.

ಈ ಏರ್ಪಾಡುಗಳನ್ನೆಲ್ಲ ಒಂದು ಹಾಳೆಯ ಮೇಲೆ ಬರೆದು ಮೇಷ್ಟರು ಗೋಡೆಬೀರುವಿನ ಬಾಗಿಲ ಒಳಮೈಗೆ ಅಂಟಿಸಿದ್ದಾರೆ. ತಮಗೆ ವಯಸ್ಸಾಯಿತು, ಮಗನು ದೂರವಿದ್ದಾನೆ, ಇದನ್ನು ನಡೆಸಬೇಕಾದವರು ಯಾರೋ ಬರಬಹುದು ಎಂಬ ಭಾವನೆ. ಅಕ್ಷರವು ಕರಿಹಲಗೆಯ ಮೇಲಿನಷ್ಟೇ ದುಂಡಾಗಿದೆ. ಗೋಡೆಯ ಸ್ವಿಚ್ಚನ್ನು ಮುಟ್ಟಬಾರದು. ಕಾಯುವ ಹೊತ್ತು ಒಂದು ಗಂಟೆ, ಕಡಮೆ ಮಾಡಬಾರದು. ತಿಂಗಳ ಮೊದಲ ಭಾನುವಾರ ತಪಾಸಣೆ; ಅಂದು ತಾನಾಗಿ ಮಲಗುವವರೆಗೆ ಬಿಡಬೇಕು. ಗುಡುಗು ಸಿಡಿಲಿನ ಸಂಜೆ ಮಲಗಿಸಿ, ತಂತಿಗಳನ್ನೆಲ್ಲ ಕಳಚಿ, ಶಿಕಾರಿಪುರಕ್ಕೆ ಫೋನು ಮಾಡಿ ಹೇಳಬೇಕು. ಈಚೆಗೆ ಅದರ ಕೆಳಗೆ ಬೇರೆ ಮಸಿಯಲ್ಲಿ ಇನ್ನೊಂದು ಸಾಲನ್ನು ಸೇರಿಸಿದ್ದಾರೆ: ಗೌರೀಹಬ್ಬದ ವಾರ ಹಾಡು ಕೇಳುವವರು ಬಹಳ ಮಂದಿ, ಆ ವಾರ ಮಲಗಿಸತಕ್ಕದ್ದಲ್ಲ, ಮೀಟರು ಎಷ್ಟಾದರೂ ಓಡಲಿ.